ಪೆನ್ ಡ್ರೈವ್ ಕೈಕೊಟ್ಟಾಗ ಲಿನಕ್ಸ್ ಹೇಳುವುದೇನು?

ಕಳೆದ ಸೆಮಿಸ್ಟರಿನ ಕೊನೆಯಲ್ಲಿ ನಮ್ಮ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಮೂರು ವಾರ ಕುಳಿತು ತೆಗೆದ ವ್ಯತಿಕರಣ ಪಟ್ಟಿಗಳ ವಿಡಿಯೊಗಳನ್ನು ಪೆನ್ ಡ್ರೈವ್‌ಗೆ ಸಾಗಿಸಿದಳು. ಪ್ರತಿ ಮಾಡಿಕೊಳ್ಳುವ ಬದಲು ‘ಕಟ್’ ಮಾಡಿ ‘ಪೇಸ್ಟ್’ ಮಾಡಿದ್ದಳು. ಪರದೆಯ ಮೇಲಿನ ಪ್ರಗತಿಪಟ್ಟಿ ಶೇ. 100 ಮುಟ್ಟಿದ ಕೂಡಲೇ ಡ್ರೈವನ್ನು ಕಿತ್ತುಕೊಂಡು ಬಸ್ಸು ಹಿಡಿದಳು. ಮರುದಿನ ಅದೇ ಲಿನಕ್ಸ್ ಗಣಕಕ್ಕೆ ಸಿಕ್ಕಿಸಿದಾಗ ಡ್ರೈವ್ ತೆರೆಯಲಿಲ್ಲ. ನೋಡಿದವರೆಲ್ಲ ಕೊಟ್ಟ ಸಲಹೆ ಒಂದೇ: “ಫಾರ್ಮ್ಯಾಟ್ ಮಾಡಿಬಿಡಮ್ಮಾ.”

ಮುಕ್ತ ತಂತ್ರಾಂಶವನ್ನು ಶಾಲಾ ಕಾಲೇಜುಗಳಲ್ಲಿ ಬಳಸಬೇಕೆಂದು ವಾದಿಸುತ್ತ ಬಂದವರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಈ ಪ್ರಸಂಗದಲ್ಲಿ ಲಿನಕ್ಸ್ ನಡೆದುಕೊಂಡ ಬಗೆಯನ್ನು ವಿಮರ್ಶಿಸಬೇಕೆನಿಸಿತು.

ಮೊದಲು ಪರದೆಯ ಮೇಲೆ ಬಂದ ದೋಷಸೂಚನೆಯನ್ನು ನೋಡೋಣ. ಅದರ ತಾತ್ಪರ್ಯ ಇಷ್ಟು: ಕಡತ ವ್ಯವಸ್ಥೆಯ ಬಗೆ ತಪ್ಪಿರಬಹುದು, ಆಯ್ಕೆ ತಪ್ಪಿರಬಹುದು, ಸೂಪರ್‌ಬ್ಲಾಕ್ ಕೆಟ್ಟಿರಬಹುದು, ಸಹಾಯಕ ತಂತ್ರಾಂಶ ಇಲ್ಲದಿರಬಹುದು, ಅಥವಾ ಬೇರಾವುದೋ ದೋಷವಿರಬಹುದು. ‘ಜ್ವರವಿರಬಹುದು, ಮೂಳೆ ಮುರಿದಿರಬಹುದು ಅಥವಾ ಬೇರೆ ಏನಾದರೂ ಇರಬಹುದು’ ಎಂದು ಚೀಟಿ ಬರೆದುಕೊಡುವ ವೈದ್ಯರನ್ನು ನಾವು ಒಪ್ಪುತ್ತೇವೆಯೇ? ಎಲ್ಲ ಸಾಧ್ಯತೆಗಳನ್ನೂ ಒಳಗೊಂಡ ಹೇಳಿಕೆ ಎಂದೂ ಸುಳ್ಳಾಗುವುದಿಲ್ಲ. ಆದರೆ ಅದರಿಂದ ತಿಳಿಯುವುದೂ ಏನಿಲ್ಲ.

ನಿಜವಾದ ಕಾರಣ ವ್ಯವಸ್ಥೆಗೆ ಗೊತ್ತಿತ್ತು ಎಂಬುದೇ ಸೋಜಿಗ. ಲಿನಕ್ಸಿನ ತಿರುಳು, ಅಂದರೆ ಕರ್ನೆಲ್, ತಾನು ಕಂಡದ್ದನ್ನೆಲ್ಲ ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ‘ಡಿಎಂಇಎಸ್‌ಜಿ’ ಎಂಬ ಆದೇಶ ಕೊಟ್ಟರೆ ಅದನ್ನು ಓದಬಹುದು. ಅಲ್ಲಿದ್ದ ಸಾಲು ಸ್ಪಷ್ಟವಾಗಿತ್ತು: ಈ ಸಂಪುಟ ‘ಡರ್ಟಿ’, ಅಂದರೆ ಬರವಣಿಗೆ ಮುಗಿಯುವ ಮೊದಲೇ ಬೇರ್ಪಟ್ಟದ್ದು. ಆ ಡ್ರೈವ್‌ನಲ್ಲಿದ್ದುದು ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ. 2021ರಲ್ಲಿ ಕರ್ನೆಲ್‌ನ 5.15ನೇ ಆವೃತ್ತಿಯೊಂದಿಗೆ ಬಂದ ಎನ್‌ಟಿಎಫ್‌ಎಸ್3 ಚಾಲಕ ತಂತ್ರಾಂಶವು ಇಂತಹ ಸಂಪುಟಕ್ಕೆ ಬರೆಯಲು ಅವಕಾಶ ಕೊಡದೆ ನಿರಾಕರಿಸುತ್ತದೆ. ನಿರಾಕರಣೆ ಸರಿಯಾದುದೇ, ದತ್ತಾಂಶದ ರಕ್ಷಣೆಗಾಗಿಯೇ ಇರುವುದು. ತಪ್ಪಿರುವುದು ಆ ಕಾರಣ ಬಳಕೆದಾರರ ಕಣ್ಣಿಗೆ ಬೀಳದಿರುವುದರಲ್ಲಿ. ಇತ್ತೀಚಿನ ಆವೃತ್ತಿಗಳಲ್ಲಿ ‘ಹೆಚ್ಚಿನ ವಿವರಕ್ಕೆ ದಿನಚರಿ ನೋಡಿ’ ಎಂಬ ಸೂಚನೆ ಸೇರಿದೆ. ಆದರೆ ಉಬುಂಟುವಿನಲ್ಲಿ 2020ರ 20.10 ಆವೃತ್ತಿಯಿಂದ ಸಾಮಾನ್ಯ ಬಳಕೆದಾರರು ಈ ಆದೇಶದಿಂದ ಆ ದಿನಚರಿ ಓದುವಂತಿಲ್ಲ. ಭದ್ರತೆಯ ದೃಷ್ಟಿಯಿಂದ ಇದು ಸಮರ್ಥನೀಯ. ಪ್ರಯೋಗಾಲಯದ ವಿದ್ಯಾರ್ಥಿಗೆ ಮಾತ್ರ ಬಾಗಿಲು ಮುಚ್ಚಿದಂತೆಯೇ.

ಇನ್ನು ಪ್ರಗತಿಪಟ್ಟಿಯ ವಿಷಯ. ಯಾವುದೇ ಮಾಪಕವನ್ನು ಕಂಡಾಗ ಭೌತವಿಜ್ಞಾನಿ ಕೇಳುವ ಮೊದಲ ಪ್ರಶ್ನೆ, ಇದು ಅಳೆಯುತ್ತಿರುವುದು ಏನನ್ನು? ನಾವು ಬರೆದ ಕಡತ ನೇರವಾಗಿ ಡ್ರೈವ್‌ಗೆ ಹೋಗುವುದಿಲ್ಲ. ಅದು ಮೊದಲು ಗಣಕದ ಸ್ಮೃತಿಯಲ್ಲಿ ತಂಗುತ್ತದೆ, ಅಲ್ಲಿಂದ ನಿಧಾನವಾಗಿ ಡ್ರೈವ್‌ಗೆ ಇಳಿಯುತ್ತದೆ. ಕರ್ನೆಲ್‌ನ ಮೂಲ ಹೊಂದಿಕೆಯಲ್ಲಿ ಹೀಗೆ ಕಾದಿರುವ ದತ್ತಾಂಶವು ಲಭ್ಯ ಸ್ಮೃತಿಯ ಶೇ. 20ರವರೆಗೂ ಬೆಳೆಯಬಹುದು. ಲಭ್ಯ ಸ್ಮೃತಿ 5 ಗಿಗಾಬೈಟ್ ಎಂದುಕೊಳ್ಳಿ. ಆಗ ಸುಮಾರು 1 ಗಿಗಾಬೈಟ್ ದತ್ತಾಂಶ ಇನ್ನೂ ದಾರಿಯಲ್ಲಿರಬಹುದು. ಸೆಕೆಂಡಿಗೆ 10 ಮೆಗಾಬೈಟ್ ಬರೆಯುವ ಅಗ್ಗದ ಡ್ರೈವ್‌ಗೆ ಅದನ್ನು ಮುಗಿಸಲು 100 ಸೆಕೆಂಡು ಬೇಕು. ಪಟ್ಟಿ ಅಳೆದದ್ದು ಸ್ಮೃತಿಗೆ ಸೇರಿದ್ದನ್ನು. ಹುಡುಗಿ ನಂಬಿದ್ದು ಡ್ರೈವ್‌ಗೆ ಸೇರಿತೆಂದು. ಈ ವ್ಯವಸ್ಥೆಯಿಂದ ವೇಗ ಹೆಚ್ಚುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಶೇ. 100 ಎಂದು ತೋರಿಸುವ ಮುನ್ನ ‘ಇನ್ನೂ ಬರೆಯುತ್ತಿದೆ’ ಎಂದು ಹೇಳುವುದು ಕಷ್ಟದ ಕೆಲಸವೇ?

ಹಾಗಾದರೆ ಡ್ರೈವ್ ಕೈಕೊಟ್ಟಾಗ ಮಾಡಬೇಕಾದುದೇನು? ಪದರ ಪದರವಾಗಿ ಪರೀಕ್ಷಿಸಬೇಕು. ‘ಎಲ್‌ಎಸ್‌ಯುಎಸ್‌ಬಿ’ ಆದೇಶದ ಪಟ್ಟಿಯಲ್ಲಿ ಡ್ರೈವ್ ಕಾಣದಿದ್ದರೆ ಮೊದಲು ಬೇರೆ ಕಿಂಡಿ, ಬೇರೆ ಗಣಕದಲ್ಲಿ ನೋಡಿ. ಅಲ್ಲಿಯೂ ಕಾಣದಿದ್ದರೆ ತೊಂದರೆ ಬಹುಮಟ್ಟಿಗೆ ಡ್ರೈವ್‌ನ ವಿದ್ಯುನ್ಮಾನದ್ದು. ಕಂಡರೆ ‘ಎಲ್‌ಎಸ್‌ಬಿಎಲ್‌ಕೆ’ಯಲ್ಲಿ ಅದರ ಗಾತ್ರ ಸರಿಯಿದೆಯೇ ನೋಡಿ. ಗಾತ್ರ ಸೊನ್ನೆಯಾಗಿದ್ದರೆ, ಅಥವಾ ದಿನಚರಿಯಲ್ಲಿ ಓದು-ಬರಹದ ದೋಷಗಳು ಸಾಲುಗಟ್ಟಿದ್ದರೆ ಯಂತ್ರಾಂಶವನ್ನೇ ಸಂಶಯಿಸಬೇಕು. ಇವೆರಡೂ ಸರಿಯಿದ್ದರೆ ಮಾತ್ರ ಕಡತ ವ್ಯವಸ್ಥೆಯ ಸರದಿ. ಏನನ್ನೂ ದುರಸ್ತಿ ಮಾಡುವ ಮೊದಲು ‘ಡಿಡಿರೆಸ್ಕ್ಯೂ’ ತಂತ್ರಾಂಶದಿಂದ ಡ್ರೈವ್‌ನ ಪೂರ್ಣ ಪ್ರತಿಬಿಂಬ ತೆಗೆದಿಡಬೇಕು. ‘ಎನ್‌ಟಿಎಫ್‌ಎಸ್‌ಫಿಕ್ಸ್’ನಿಂದ ಡರ್ಟಿ ಗುರುತನ್ನು ಅಳಿಸಬಹುದು ನಿಜ, ಗುರುತು ಅಳಿದ ಮಾತ್ರಕ್ಕೆ ಒಳಗಿನ ಹಾನಿ ಸರಿಹೋಗದು.

ನಾವು ಹಾಗೆಯೇ ಮಾಡಿದೆವು. ಪ್ರತಿಬಿಂಬ ತೆಗೆದು, ಬರೆಯುವ ಅವಕಾಶವಿಲ್ಲದಂತೆ, ಓದಲು ಮಾತ್ರ ತೆರೆದೆವು. ಹೆಚ್ಚಿನ ಕಡತಗಳು ಸಿಕ್ಕವು. ಕೊನೆಯ ಎರಡು ದಿನಗಳ ಕಡತಗಳಲ್ಲಿ ಹೆಸರು ಮಾತ್ರ ಉಳಿದಿತ್ತು. ಆ ಪ್ರಯೋಗವನ್ನು ಅವಳು ಮತ್ತೆ ಮಾಡಬೇಕಾಯಿತು. ಫಾರ್ಮ್ಯಾಟ್ ಮಾಡಿದ್ದರೆ ಮೂರು ವಾರಗಳ ದುಡಿಮೆಯೂ ಬಹುಶಃ ಹೋಗುತ್ತಿತ್ತು.

ತಪ್ಪಿನಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಇದೆ. ಗ್ಯಾಲ್ವನೋಮೀಟರಿನ ಶೂನ್ಯದೋಷ ನೋಡಲು ಕಲಿಸುವ ನಾವು, ಡ್ರೈವ್ ತೆಗೆಯುವ ಮೊದಲು ‘ಇಜೆಕ್ಟ್’ ಒತ್ತಿ ಅನುಮತಿಗೆ ಕಾಯಬೇಕೆಂದು ಕಲಿಸುವುದಿಲ್ಲ. ಒಂದು ಪ್ರತಿ ಎಂದರೆ ಪ್ರತಿಯೇ ಇಲ್ಲವೆಂದು ಹೇಳುವುದಿಲ್ಲ. ಮುಕ್ತ ತಂತ್ರಾಂಶದ ದೊಡ್ಡ ಗುಣ, ಅದು ತನ್ನೊಳಗನ್ನು ಮುಚ್ಚಿಡುವುದಿಲ್ಲ. ಆ ಒಳಗು ಸಾಮಾನ್ಯ ವಿದ್ಯಾರ್ಥಿಗೂ ಅರ್ಥವಾಗುವ ಮಾತಿನಲ್ಲಿ ಹೊರಬರಬೇಕು. ಕಿರಿಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಆ ದೋಷಸೂಚನೆಯನ್ನು ತಿದ್ದಿ ಕಳುಹಿಸಲು ಮನಸ್ಸು ಮಾಡಿದರೆ, ಹಾಗೆ ಮಾಡಲು ತಡೆಯಿಲ್ಲದಿರುವುದೂ ಅದರ ಗುಣವೇ.