ಬೋರ್ನ್ ಹಾಲಿನ ಬಾಗಿಲಲ್ಲಿ: ಸಂತಾನ ಚಿಕಿತ್ಸೆಯ ಉದ್ಯಮ ಮತ್ತು ದೈವಶಾಸ್ತ್ರದ ಪ್ರಶ್ನೆ

ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದಿಂದ ಪಶ್ಚಿಮಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಬೋರ್ನ್ ಎಂಬ ಹಳ್ಳಿಯಿದೆ. ಅಲ್ಲಿನ ಹಳೆಯ ಜಮೀನ್ದಾರಿ ಬಂಗಲೆಯೊಂದರಲ್ಲಿ, 1980ರಲ್ಲಿ, ಪ್ರನಾಳ ಶಿಶು ಚಿಕಿತ್ಸೆಗೆಂದೇ ಮೀಸಲಾದ ಜಗತ್ತಿನ ಮೊದಲ ಚಿಕಿತ್ಸಾಲಯವು ಆರಂಭವಾಯಿತು. ಅದರ ಹೆಸರು ಬೋರ್ನ್ ಹಾಲ್. ಸ್ಥಾಪಕರು ಮೂವರು: ಶಸ್ತ್ರವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ, ಶರೀರಕ್ರಿಯಾ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಮತ್ತು ದಾದಿಯಾಗಿ ತರಬೇತಿ ಪಡೆದು ಭ್ರೂಣಶಾಸ್ತ್ರವನ್ನು ಕೆಲಸದಲ್ಲಿಯೇ ಕಲಿತ ಜೀನ್ ಪರ್ಡಿ. ಇಂದು ಈ ಕ್ಷೇತ್ರದಲ್ಲಿ ಹುಟ್ಟುವ ಕಂಪನಿಗಳು ಸಾಮಾನ್ಯವಾಗಿ ಎರಡು ಮಾತುಗಳನ್ನು ಆಡುತ್ತವೆ: ಚಿಕಿತ್ಸೆಯನ್ನು ಎಲ್ಲರ ಕೈಗೆಟುಕುವಂತೆ ಮಾಡುತ್ತೇವೆ, ಯಾರನ್ನೂ ಹೊರಗಿಡುವುದಿಲ್ಲ. ಲಭ್ಯತೆ ಮತ್ತು ಒಳಗೊಳ್ಳುವಿಕೆ ಎಂಬ ಈ ಎರಡು ವಾಗ್ದಾನಗಳನ್ನು ದೈವಶಾಸ್ತ್ರದ ಒರೆಗಲ್ಲಿಗೆ ಹಚ್ಚಬೇಕಾದರೆ, ಅವುಗಳ ಹಿಂದಿರುವ ಮೊದಲ ಕಥೆಗೆ ಮರಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಆ ಕಥೆಯ ಜೊತೆಗೆ, ಅದಕ್ಕೆ ಸಭೆಯ ಚಿಂತಕರು ಕೊಟ್ಟ ಉತ್ತರಗಳನ್ನೂ ವಿಮರ್ಶೆಗೆ ಒಳಪಡಿಸುವುದು ಈ ಲೇಖನದ ಉದ್ದೇಶ.

1971ರಲ್ಲಿ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದೆ ಧನಸಹಾಯಕ್ಕಾಗಿ ನಿಂತರು. ಮಂಡಳಿಯು ನಿರಾಕರಿಸಿತು. ಸುರಕ್ಷತೆಯ ಬಗೆಗಿನ ಸಂದೇಹ ಒಂದು ಕಾರಣವಾಗಿತ್ತು. ಜನಸಂಖ್ಯೆಯ ಹೆಚ್ಚಳವೇ ದೊಡ್ಡ ಸಮಸ್ಯೆಯೆನಿಸಿದ್ದ ಆ ದಿನಗಳಲ್ಲಿ ಬಂಜೆತನವು ಆದ್ಯತೆಗೆ ಅರ್ಹವಾದ ವ್ಯಾಧಿಯೆಂದು ತೋರದಿದ್ದುದು ಇನ್ನೊಂದು. ಆದರೂ ಓಲ್ಡಮ್ ಪಟ್ಟಣದ ಸಮೀಪದ ಸಣ್ಣ ಆಸ್ಪತ್ರೆಯೊಂದರಲ್ಲಿ ಕೆಲಸ ಮುಂದುವರಿಯಿತು. 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಜನಿಸಿದಳು. ತಂದೆ ಜಾನ್ ರೈಲ್ವೆಯ ನೌಕರ. ತಾಯಿ ಲೆಸ್ಲಿಯ ಅಂಡನಾಳಗಳು ಮುಚ್ಚಿಹೋಗಿದ್ದವು. ಆಕೆಯ ಜನನದ ಸುದ್ದಿ ಲೋಕವನ್ನೆಲ್ಲ ಸುತ್ತಿದ ಮೇಲೂ ಸಾರ್ವಜನಿಕ ಆರೋಗ್ಯ ಸೇವೆಯು ಈ ಮೂವರಿಗೆ ನೆಲೆಯೊದಗಿಸಲಿಲ್ಲ. ಸ್ಟೆಪ್ಟೋ ನಿವೃತ್ತಿಯ ವಯಸ್ಸಿಗೆ ಬಂದಿದ್ದರು. ಪರ್ಡಿ ಹುಡುಕಿದ ಆ ಹಳೆಯ ಬಂಗಲೆಯನ್ನು ಖಾಸಗಿ ಹಣದಿಂದ ಪಡೆಯಲು ಎರಡು ವರ್ಷಗಳು ಹಿಡಿದವು.

ಈ ವಿವರಗಳಲ್ಲಿ ಒಂದು ಸತ್ಯವಿದೆ. ಅದನ್ನು ಬಿಟ್ಟು ಉದ್ಯಮವನ್ನು ಖಂಡಿಸುವವರು ಅನ್ಯಾಯ ಮಾಡುತ್ತಾರೆ. ಈ ಸ್ಥಾಪಕರು ಮೊದಲು ಹೋದದ್ದು ಮಾರುಕಟ್ಟೆಗಲ್ಲ. ಸಮಾಜದ ಬಾಗಿಲನ್ನು ತಟ್ಟಿ, ಅದು ತೆರೆಯದಿದ್ದಾಗ ಅವರು ಮಾರುಕಟ್ಟೆಯ ಬಾಗಿಲಿಗೆ ಹೋದರು. ನಮ್ಮ ದೇಶದಲ್ಲಿಯೂ ಇದಕ್ಕೆ ಸಮಾನವಾದ, ಇನ್ನೂ ದಾರುಣವಾದ ಉದಾಹರಣೆಯಿದೆ. ಅದೇ 1978ರ ಅಕ್ಟೋಬರ್ 3ರಂದು ಕೊಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಜನಿಸಿದ ಮಗುವಿನ ವಿಷಯವನ್ನು ಸರ್ಕಾರದ ಸಮಿತಿಯು ನಂಬಲಿಲ್ಲ. ಅವಮಾನಿತರಾದ ಆ ವೈದ್ಯರು 1981ರಲ್ಲಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಸಂತಾನಹೀನರ ನೋವು ಸಾರ್ವಜನಿಕ ಕರುಣೆಗೆ ಪಾತ್ರವಲ್ಲವೆಂದು ಸಂಸ್ಥೆಗಳು ತೀರ್ಮಾನಿಸಿದಲ್ಲಿ ಆ ನೋವು ಮಾಯವಾಗುವುದಿಲ್ಲ. ಅದು ಗ್ರಾಹಕನ ಬೇಡಿಕೆಯಾಗಿ ಮಾರ್ಪಡುತ್ತದೆ.

ಈಗ ಸಭೆಯ ಉತ್ತರಗಳತ್ತ ತಿರುಗೋಣ. ಮೆಥಡಿಸ್ಟ್ ನೀತಿಶಾಸ್ತ್ರಜ್ಞ ಪಾಲ್ ರಾಮ್ಸೆ, ಲೂಯಿಸ್ ಹುಟ್ಟುವ ಮೊದಲೇ, ಇನ್ನೂ ಹುಟ್ಟದ ಮಗುವಿನ ಒಪ್ಪಿಗೆಯಿಲ್ಲದೆ ಅದನ್ನು ಅಪಾಯಕ್ಕೆ ಒಡ್ಡಬಾರದೆಂದು ವಾದಿಸಿದರು. ಆಂಗ್ಲಿಕನ್ ದೈವಶಾಸ್ತ್ರಜ್ಞ ಆಲಿವರ್ ಓಡೊನೊವನ್ 1984ರಲ್ಲಿ ಪ್ರಕಟಿಸಿದ 'ಬಿಗಾಟನ್ ಆರ್ ಮೇಡ್?' ಎಂಬ ಕಿರುಹೊತ್ತಗೆಯಲ್ಲಿ ನೈಸಿಯ ವಿಶ್ವಾಸಪ್ರಮಾಣವು ಜನನಕ್ಕೂ ನಿರ್ಮಾಣಕ್ಕೂ ಮಾಡುವ ಭೇದವನ್ನು ಆಧಾರವಾಗಿಟ್ಟುಕೊಂಡರು: ನಮ್ಮಿಂದ ಜನಿಸಿದ್ದು ನಮಗೆ ಸಮಾನ; ನಾವು ನಿರ್ಮಿಸಿದ್ದು ನಮ್ಮ ವಶದಲ್ಲಿರುವ ವಸ್ತು. 1987ರಲ್ಲಿ ರೋಮಿನಿಂದ ಹೊರಟ 'ಡೋನುಮ್ ವೀಟೆ' ಎಂಬ ಬೋಧನಾಪತ್ರವು ಮಗುವು ಯಾರ ಹಕ್ಕೂ ಅಲ್ಲ, ಅದು ವರವೆಂದು ಸಾರಿ, ದಾಂಪತ್ಯದ ಐಕ್ಯವನ್ನು ಗರ್ಭಧಾರಣೆಯಿಂದ ಬೇರ್ಪಡಿಸುವ ವಿಧಾನಗಳನ್ನು ತಿರಸ್ಕರಿಸಿತು.

ಈ ಮೂರು ಉತ್ತರಗಳ ಗಾಂಭೀರ್ಯವನ್ನು ನಾವು ಗೌರವಿಸುತ್ತೇವೆ. ಮಗುವು ವರವೆಂಬ ಮಾತನ್ನು ಬಿಟ್ಟುಕೊಟ್ಟರೆ ನಮಗೆ ಹೇಳಲು ಏನೂ ಉಳಿಯದು. ಆದರೆ ಮೂರರ ಭಾರವೂ ಪ್ರಯೋಗಶಾಲೆಯ ಮೇಜಿನ ಮೇಲೆ ಬೀಳುತ್ತದೆ. ಚಿಕಿತ್ಸಾಲಯದ ಹಣದ ಕಿಟಕಿಯ ಮುಂದೆ ನಿಂತವರ ಮೇಲೆ ಅಷ್ಟಾಗಿ ದೃಷ್ಟಿ ಬೀಳುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಓಡೊನೊವನ್ ಅವರು ಹೀಗೆ ಜನಿಸಿದ ಮಗುವಿನ ಮನುಷ್ಯತ್ವವನ್ನು ಸಂದೇಹಿಸುವುದಿಲ್ಲ. ಆದರೂ ಅವರ ಭೇದವು ಪಂಡಿತರ ಕೈಯಿಂದ ಪ್ರಸಂಗಪೀಠಕ್ಕೆ ಇಳಿದಾಗ, ಮಗುವನ್ನೇ ಅಳೆಯುವ ಕೋಲಾಗಬಲ್ಲದು. ಭಾನುವಾರ ಶಾಲೆಯ ಬೆಂಚಿನ ಮೇಲೆ ಕುಳಿತ ಹುಡುಗಿಯೊಬ್ಬಳು ತಾನು ಜನಿಸಿದವಳಲ್ಲ, ತಯಾರಾದವಳು ಎಂದು ಕೇಳಿಸಿಕೊಳ್ಳುವ ಸಂಭವವಿದೆ. ಲೂಯಿಸಳು ಲೆಸ್ಲಿ ಮತ್ತು ಜಾನರಿಂದ, ಇತರ ಯಾವ ಮಗುವಿನಷ್ಟೇ, ಜನಿಸಿದವಳು. ಬೋರ್ನ್ ಹಾಲಿನಲ್ಲಿ ನಿರ್ಮಿತವಾದದ್ದು ಒಂದು ಸಂಸ್ಥೆ, ಒಂದು ದರಪಟ್ಟಿ, ಒಂದು ಸರದಿ. ನಿರ್ಮಿತವಾದುದನ್ನು ಪ್ರಶ್ನಿಸಬೇಕಾದರೆ ಇವುಗಳನ್ನು ಪ್ರಶ್ನಿಸಬೇಕು.

ಹಾಗೆ ಪ್ರಶ್ನಿಸಿದವರು ಇಲ್ಲದಿಲ್ಲ. ಲೂಯಿಸ್ ಹುಟ್ಟಿದ ದಿನಗಳಲ್ಲಿ ವೆನಿಸಿನ ಧರ್ಮಾಧ್ಯಕ್ಷರಾಗಿದ್ದ ಆಲ್ಬಿನೋ ಲುಚಿಯಾನಿ, ಮುಂದೆ ಕೆಲವೇ ವಾರಗಳಲ್ಲಿ ಪೋಪ್ ಒಂದನೆಯ ಜಾನ್ ಪಾಲ್ ಆದವರು, ತಂದೆತಾಯಿಯರನ್ನು ಖಂಡಿಸುವ ಅಧಿಕಾರ ತಮಗಿಲ್ಲವೆಂದು ಹೇಳಿ ಮಗುವಿಗೆ ಶುಭ ಕೋರಿದರು. ಜೊತೆಗೆ ಮಕ್ಕಳನ್ನು ತಯಾರಿಸುವ ಉದ್ಯಮವೊಂದು ತಲೆಯೆತ್ತೀತೆಂಬ ಆತಂಕವನ್ನೂ ವ್ಯಕ್ತಪಡಿಸಿದರು. ವಿಧಾನವನ್ನು ಅವರೂ ಒಪ್ಪಲಿಲ್ಲ. ಆದರೆ ಮೊದಲು ಮನುಷ್ಯರನ್ನು ಕಂಡು ಅನಂತರ ಉದ್ಯಮವನ್ನು ಕಂಡ ಆ ಕ್ರಮವು ಪಾಲಕನ ಕ್ರಮ. ನಾವು ಅನುಸರಿಸಬೇಕಾದದ್ದು ಅದನ್ನೇ.

ಆ ಕ್ರಮದಲ್ಲಿ ನೋಡಿದಾಗ ಕಣ್ಣಿಗೆ ಬೀಳುವವರು ಯಾರು? ಓಲ್ಡಮ್ಮಿನ ವರ್ಷಗಳಲ್ಲಿ 282 ಮಂದಿ ಸ್ತ್ರೀಯರು ಈ ಪ್ರಯತ್ನಕ್ಕೆ ತಮ್ಮ ದೇಹವನ್ನು ಒಪ್ಪಿಸಿದರು. ಐವರು ಗರ್ಭಿಣಿಯರಾದರು. ಜೀವಂತವಾಗಿ ಹುಟ್ಟಿದ ಮಕ್ಕಳು ಎರಡು. ಉಳಿದ 280 ಮಂದಿ ಬರಿಗೈಯಲ್ಲಿ ಮನೆಗೆ ಹಿಂದಿರುಗಿದರು. ಇಂದಿನ ಚಿಕಿತ್ಸೆಯು ನಿಂತಿರುವುದು ಅವರು ಸಹಿಸಿದ ಅಡಿಪಾಯದ ಮೇಲೆ. ಸ್ಥಾಪನೆಯ ಕಥೆಗಳು ಗೆದ್ದವರ ಕಥೆಗಳಾಗಿಯೇ ಹೇಳಲ್ಪಡುತ್ತವೆ. ಹೆಸರಿಲ್ಲದವರು ಅಂಕಿಯಲ್ಲಿ ಅಡಗುತ್ತಾರೆ. ಸ್ಥಾಪಕರಲ್ಲಿಯೂ ಇದೇ ನಡೆಯಿತು. ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ 1980ರಲ್ಲಿ ಬರೆದ 'ಎ ಮ್ಯಾಟರ್ ಆಫ್ ಲೈಫ್' ಗ್ರಂಥದ ಮುಖಪುಟದಲ್ಲಿ ಇರುವುದು ಎರಡೇ ಹೆಸರು. ಓಲ್ಡಮ್ಮಿನಲ್ಲಿ ಸ್ಮಾರಕ ಫಲಕವನ್ನು ಸಿದ್ಧಪಡಿಸಿದಾಗ ಪರ್ಡಿಯ ಹೆಸರನ್ನು ಬಿಡಲಾಯಿತು. ಆಕೆಯ ಪಾಲು ತಮ್ಮ ಪಾಲಿಗೆ ಸಮನಾದುದೆಂದು ಎಡ್ವರ್ಡ್ಸ್ ಪತ್ರ ಬರೆದು ಪ್ರತಿಭಟಿಸಿದರೂ ಫಲವಾಗಲಿಲ್ಲ. ಪರ್ಡಿ 1985ರಲ್ಲಿ, ಮೂವತ್ತೊಂಬತ್ತರ ಹರೆಯದಲ್ಲಿ ತೀರಿಕೊಂಡರು. 2010ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ಎಡ್ವರ್ಡ್ಸ್ ಒಬ್ಬರೇ ಬದುಕಿದ್ದರು. ಎಲ್ಲರನ್ನೂ ಒಳಗೊಳ್ಳುವೆವೆಂದು ಹೊರಟ ಯಾವ ಸಂಸ್ಥೆಯನ್ನಾದರೂ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ: ನಿಮ್ಮ ಕಥೆಯಲ್ಲಿ ಬರಿಗೈಯಲ್ಲಿ ಹೋದವರಿಗೆ ಸ್ಥಳವಿದೆಯೇ?

ಎರಡನೆಯ ಪ್ರಶ್ನೆ ಲಭ್ಯತೆಯದು. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯು 2004ರಿಂದಲೂ ನಲವತ್ತು ವರ್ಷದೊಳಗಿನ ಅರ್ಹ ಸ್ತ್ರೀಯರಿಗೆ ಮೂರು ಚಕ್ರಗಳ ಚಿಕಿತ್ಸೆಯನ್ನು ಸಾರ್ವಜನಿಕ ವೆಚ್ಚದಲ್ಲಿ ಶಿಫಾರಸು ಮಾಡುತ್ತ ಬಂದಿದೆ. ಬೋರ್ನ್ ಹಾಲ್ ಕೂಡ ಸಾರ್ವಜನಿಕ ಸೇವೆಯ ರೋಗಿಗಳನ್ನು ನೋಡುತ್ತದೆ. ಆದರೂ ಆ ಚಿಕಿತ್ಸಾಲಯವಿರುವ ಕೇಂಬ್ರಿಡ್ಜ್‌ಶೈರ್ ಪ್ರಾಂತ್ಯದಲ್ಲಿಯೇ 2017ರಿಂದ 2021ರವರೆಗೆ ಈ ಚಿಕಿತ್ಸೆಗೆ ಸಾರ್ವಜನಿಕ ಹಣವನ್ನು ನಿಲ್ಲಿಸಲಾಗಿತ್ತು. ಚಿಕಿತ್ಸಾಲಯವು ತೆರೆದೇ ಇತ್ತು. ಆದರೆ ನೆರೆಯ ಬಡವಳಿಗೆ ಅದು ದೂರವಾಯಿತು. ಬಾಗಿಲು ತೆರೆದಿರುವುದು ಬೇರೆ, ಒಳಗೆ ಬರಲು ಸಾಧ್ಯವಾಗುವುದು ಬೇರೆ. ಕಂಪನಿಯೊಂದು ತನ್ನ ದರವನ್ನು ಇಳಿಸಿದಾಗ ನಾವು ಕೃತಜ್ಞರಾಗಿರಬೇಕು. ಆದರೆ ಇಳಿದ ದರವೂ ದರವೇ. ಅದನ್ನು ತೆರಲಾರದವರು ಉಳಿದೇ ಉಳಿಯುತ್ತಾರೆ, ಅವರ ಹೊಣೆಯನ್ನು ಹೊರಬೇಕಾದದ್ದು ಸಮಾಜ ಮತ್ತು ಸಮಾಜದ ಮನಸ್ಸಾಕ್ಷಿಯಾಗಬೇಕಾದ ಸಭೆ.

ಮೂರನೆಯದು ಒಳಗೊಳ್ಳುವಿಕೆಯ ಪ್ರಶ್ನೆ. ಇಲ್ಲಿ ನಮ್ಮ ಕೈಗಳು ಶುಭ್ರವಾಗಿಲ್ಲ. ಬ್ರಿಟನ್ನಿನ 1990ರ ಕಾಯಿದೆಯು ಮಗುವಿಗೆ ತಂದೆಯ ಅಗತ್ಯವಿದೆಯೆಂಬುದನ್ನು ವೈದ್ಯರು ಪರಿಗಣಿಸಬೇಕೆಂದಿತ್ತು; 2008ರಲ್ಲಿ ಅದನ್ನು ಮಗುವಿಗೆ ಆಸರೆಯಾಗುವ ಪಾಲನೆಯ ಅಗತ್ಯ ಎಂದು ಬದಲಾಯಿಸಲಾಯಿತು. ನಮ್ಮ ದೇಶದ 2021ರ ಕಾಯಿದೆಯು ವಿವಾಹಿತ ದಂಪತಿಗಳಿಗೂ ಒಂಟಿ ಸ್ತ್ರೀಗೂ ಅವಕಾಶವಿತ್ತು, ಇತರರನ್ನು ಹೊರಗಿಟ್ಟಿದೆ. ಯಾರು ಒಳಗೆ, ಯಾರು ಹೊರಗೆ ಎಂಬ ಈ ಗೆರೆಗಳ ಕುರಿತು ಸಭೆಗಳಲ್ಲಿ ಏಕಾಭಿಪ್ರಾಯವಿಲ್ಲ. ಅದನ್ನು ಈ ಪುಟಗಳಲ್ಲಿ ತೀರ್ಮಾನಿಸಲು ನಾವು ಹೊರಟಿಲ್ಲ. ಆದರೆ ಕಾನೂನು ಒಳಗೆ ಬಿಟ್ಟ ವಿವಾಹಿತೆಯನ್ನೂ ನಾವು ಹೊರಗಿಟ್ಟಿದ್ದೇವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಮದುವೆಯಾದ ಮರುವರ್ಷವೇ ಆರಾಧನೆ ಮುಗಿದ ಅಂಗಳದಲ್ಲಿ 'ಏನಾದರೂ ವಿಶೇಷ ಉಂಟೋ?' ಎಂದು ಕೇಳುವವರು ಸಭೆಯ ಹಿರಿಯರೇ. ಬಂಜೆ ಎಂಬ ಪದವನ್ನು ಪ್ರಸಂಗಪೀಠದಿಂದ ಪದೇಪದೇ ಉಚ್ಚರಿಸುವವರು ನಾವೇ.

ಹನ್ನಳ ವೃತ್ತಾಂತವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಆಕೆಗೆ ನೋವಾಗುವ ಸ್ಥಳವು ಶೀಲೋವಿನ ಯಜ್ಞಭೋಜನದ ಪಂಕ್ತಿ. ಪೆನಿನ್ನಳಿಗೂ ಆಕೆಯ ಮಕ್ಕಳಿಗೂ ತಲೆಗೊಂದರಂತೆ ಪಾಲು ಬೀಳುವ ಆ ಆರಾಧನೆಯೇ ಹನ್ನಳ ಕೊರತೆಯನ್ನು ವರ್ಷವರ್ಷವೂ ಎಣಿಸಿ ತೋರಿಸುತ್ತದೆ. ಎಲ್ಕಾನನು ತನ್ನ ಪ್ರೀತಿಯೇ ಸಾಲದೇ ಎಂದು ಕೇಳುತ್ತಾನೆ. ಯಾಜಕನಾದ ಏಲಿಯು ಆಕೆಯ ಮೌನ ಪ್ರಾರ್ಥನೆಯನ್ನು ಕುಡುಕತನವೆಂದು ಭಾವಿಸುತ್ತಾನೆ. ಪತಿಯ ಸಾಂತ್ವನವೂ ಪಾಲಕನ ತೀರ್ಪೂ ಎರಡೂ ಕೇಳಿಸಿಕೊಳ್ಳುವುದಕ್ಕೆ ಮೊದಲೇ ಮಾತಾಡಿದ ತಪ್ಪುಗಳು. ನಮ್ಮ ಪ್ರಸಂಗಗಳು ಸಮುವೇಲನ ಜನನದತ್ತ ಅವಸರದಿಂದ ಓಡುವಾಗ ಹನ್ನಳನ್ನು ಯಶಸ್ಸಿನ ಜಾಹೀರಾತನ್ನಾಗಿ ಮಾಡುತ್ತವೆ. ನಂಬಿ ಬೇಡಿದರೆ ಸಿಗುತ್ತದೆ ಎನ್ನುವ ಆ ಪ್ರಸಂಗವು, ಬೇಡಿಯೂ ಸಿಗದವಳಿಗೆ ಆಕೆಯ ನಂಬಿಕೆಯೇ ಕೊರತೆಯೆಂಬ ಲೆಕ್ಕಪತ್ರವನ್ನು ಕೈಗಿಡುತ್ತದೆ. ಹೀಗೆ ಮಾಡುವಾಗ ನಾವೂ ಉದ್ಯಮದ ಭಾಷೆಯನ್ನೇ ಆಡುತ್ತಿದ್ದೇವೆ.

ಯೆಶಾಯನ ಗ್ರಂಥದ ಐವತ್ತಾರನೆಯ ಅಧ್ಯಾಯವು ಬೇರೊಂದು ದಾರಿಯನ್ನು ತೆರೆಯುತ್ತದೆ. ತನ್ನನ್ನು ಒಣಮರವೆಂದು ಎಣಿಸಿಕೊಂಡ ನಪುಂಸಕನಿಗೆ ಕರ್ತನು ತನ್ನ ಆಲಯದ ಗೋಡೆಗಳೊಳಗೆ ಮಕ್ಕಳಿಗಿಂತಲೂ ಮೇಲಾದ ಹೆಸರನ್ನು ವಾಗ್ದಾನ ಮಾಡುತ್ತಾನೆ. ಕಂಪನಿಯು ಮಗುವನ್ನು ಕೊಡುವುದರ ಮೂಲಕ ಒಳಗೊಳ್ಳಲು ಯತ್ನಿಸುತ್ತದೆ. ಪ್ರವಾದಿಯು ಮಗುವಿಲ್ಲದವನನ್ನು ಮಗುವಿಲ್ಲದಂತೆಯೇ ಒಳಕ್ಕೆ ಕರೆಯುತ್ತಾನೆ. ಇದನ್ನು ಹೇಳುವಾಗ ಎಚ್ಚರ ಬೇಕು. ಈ ವಾಕ್ಯವನ್ನು ಹಿಡಿದು, ಚಿಕಿತ್ಸೆ ಬಯಸುವ ದಂಪತಿಗಳಿಗೆ ತೃಪ್ತರಾಗಿರಿ ಎಂದು ಉಪದೇಶಿಸುವುದು ಎಲ್ಕಾನನ ತಪ್ಪನ್ನು ಪುನರಾವರ್ತಿಸಿದಂತೆ. ವಾಗ್ದಾನವು ಮೊದಲು ಆಲಯಕ್ಕೆ ಸಂಬಂಧಿಸಿದ್ದು: ಗೋಡೆಗಳೊಳಗೆ ಸ್ಥಳವನ್ನು ಸಿದ್ಧಮಾಡಬೇಕಾದವರು ನಾವು. ಅದನ್ನು ಮಾಡದೆ ಚಿಕಿತ್ಸಾಲಯದತ್ತ ನಡೆಯುವವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ.

ಬೋರ್ನ್ ಹಾಲಿನಂಥ ಸ್ಥಾಪನೆಗಳ ಕುರಿತು ಸಭೆಯ ವಿಮರ್ಶೆಯು ಭ್ರೂಣದ ಗೌರವದ ಪ್ರಶ್ನೆಯನ್ನು ಕೈಬಿಡಬೇಕಾಗಿಲ್ಲ. ಆದರೆ ಅದರ ಪಕ್ಕದಲ್ಲಿಯೇ ಹಣವಿಲ್ಲದವಳನ್ನೂ ಫಲಿಸದೆ ಹೋದವಳನ್ನೂ ಹೆಸರು ಬಿಟ್ಟುಹೋದವಳನ್ನೂ ಇರಿಸಬೇಕು. ಗುರುಮಠದಿಂದ ಹೊರಟು ಸಭೆಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳ ಬಳಿಗೆ ಒಂದಲ್ಲ ಒಂದು ದಿನ ದಂಪತಿಗಳು ಬಂದು ಕುಳಿತುಕೊಳ್ಳುತ್ತಾರೆ. ಕೆಲವರ ಕೈಯಲ್ಲಿ ಚಿಕಿತ್ಸಾಲಯದ ಖರ್ಚಿನ ಪಟ್ಟಿ ಇರುತ್ತದೆ. ಕೆಲವರ ಕೈಯಲ್ಲಿ ಏನೂ ಇರುವುದಿಲ್ಲ. ಏಲಿಯು ತನ್ನ ತಪ್ಪನ್ನು ಅರಿತ ಮೇಲೆ ಹನ್ನಳು ಬೇಡಿದ್ದು ಏನೆಂದು ಕೇಳದೆಯೇ ಆಕೆಯನ್ನು ಸಮಾಧಾನದಿಂದ ಕಳುಹಿಸಿದನು. ಆಕೆ ಹೋಗಿ ಊಟಮಾಡಿದಳು, ಆಕೆಯ ಮುಖದ ದುಃಖವು ಹೋಯಿತು. ಆಗ ಸಮುವೇಲನು ಇನ್ನೂ ಗರ್ಭದಲ್ಲಿಯೂ ಇರಲಿಲ್ಲ.