‘ಮಾಡೆಸ್ಟ್’ ಎಂಬ ಸಭ್ಯ ಪದ

ಜೊನಾಥನ್ ಸ್ವಿಫ್ಟ್‌ನ ‘ಎ ಮಾಡೆಸ್ಟ್ ಪ್ರಪೋಸಲ್’ (1729) ಪಾಠವಿದ್ದಾಗ ಗೈಡುಗಳು ‘ಐರನಿ: ಹೇಳಿದ್ದಕ್ಕೆ ವಿರುದ್ಧವಾದ ಅರ್ಥ’ ಎಂದು ಬರೆದು ಮುಗಿಸುತ್ತವೆ. ನನಗಿದು ಸಾಲದು. ಐರ್ಲೆಂಡಿನ ಬಡವರ ಮಕ್ಕಳನ್ನು ಮಾಂಸಕ್ಕೆ ಮಾರಿ ಎನ್ನುವ ಬರಹದ ಅರ್ಥ ‘ಮಾರಬೇಡಿ’ ಎಂಬುದಷ್ಟೇ ಆಗಿದ್ದರೆ ಅದನ್ನು ಯಾಕೆ ಬರೆಯಬೇಕಿತ್ತು?

ಪ್ರಕಾರವನ್ನು ಗಮನಿಸಿ. ಅಂದಿನ ಆರ್ಥಿಕ ಸಲಹಾಪತ್ರಗಳ ಧಾಟಿಯಲ್ಲೇ ನಿರೂಪಕ ಲೆಕ್ಕ ಹಾಕುತ್ತಾನೆ: ಮಕ್ಕಳು 1,20,000, ತಳಿಗೆ 20,000, ಉಳಿದವು ಮಾರಾಟಕ್ಕೆ. ‘ಮಾಡೆಸ್ಟ್’ ಎಂದರೆ ವಿನಯದ, ಮಿತವಾದ. ಈ ಲೆಕ್ಕಕ್ಕೆ ಆ ಹೆಸರು!

ಕೊನೆಗೆ ಅವನು ಬೇರೆ ಪರಿಹಾರಗಳನ್ನೂ ಪಟ್ಟಿಮಾಡುತ್ತಾನೆ, ಊರು ಬಿಟ್ಟ ಜಮೀನ್ದಾರರಿಗೆ ತೆರಿಗೆ, ನಾಡಿನದೇ ಬಟ್ಟೆ. ಅವುಗಳ ಮಾತೇ ಬೇಡ ಎಂದು ತಳ್ಳಿಹಾಕುತ್ತಾನೆ. ಸ್ವಿಫ್ಟ್‌ಗೆ ಬೇಕಾಗಿದ್ದು ಅವೇ. ನಾಡಿನ ಬಟ್ಟೆಯನ್ನೇ ತೊಡಿ ಎಂದು ಆತ 1720ರಲ್ಲಿ ನೇರವಾಗಿಯೇ ಬರೆದಿದ್ದ. ಆಗ ಮುದ್ರಕನ ಮೇಲೆ ಮೊಕದ್ದಮೆ ಬಿತ್ತು.