ಮಾತ್ರೆ ನುಂಗಿದರೂ ಮತ್ತೆ ಲಕ್ವ

ದೇವರಾಯನದುರ್ಗದ ನರಸಿಂಹಸ್ವಾಮಿಗೆ ನಡೆದುಕೊಳ್ಳುವ ಎಷ್ಟೋ ಮನೆಗಳಲ್ಲಿ ಶನಿವಾರ ಒಪ್ಪೊತ್ತು, ಏಕಾದಶಿಗೆ ಉಪವಾಸ. ಅಂಥ ಮನೆಯಲ್ಲಿ ಲಕ್ವ ಹೊಡೆದು ಚೇತರಿಸಿಕೊಂಡವರು ರಕ್ತ ತೆಳುವಾಗಿಸುವ ರಿವರಾಕ್ಸಬಾನ್ ನುಂಗುತ್ತಿದ್ದರೆ, ಉಪವಾಸದ ದಿನ ಮಾತ್ರೆಯ ಗತಿಯೇನೆಂದು ವೈದ್ಯರು ಕೇಳಲೇಬೇಕು. ಅದರ 20 ಮಿ.ಗ್ರಾಂ. ಮಾತ್ರೆ ಊಟದೊಂದಿಗೆ ಹೋದರೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಬರಿಹೊಟ್ಟೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ.

ಮರುಲಕ್ವ ತಡೆಯುವ ನಮ್ಮ ದೇಶದ ದೊಡ್ಡ ಪ್ರಯತ್ನ ‘ಸ್ಪ್ರಿಂಟ್ ಇಂಡಿಯಾ’. 31 ಆಸ್ಪತ್ರೆಗಳ 4,298 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ 12 ಭಾಷೆಗಳಲ್ಲಿ ಮೊಬೈಲ್ ಸಂದೇಶ, ವಿಡಿಯೊ, ಕೈಪುಸ್ತಕ ತಲುಪಿಸಲಾಯಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಬೀಡಿ, ಕುಡಿತ ಬಿಟ್ಟವರು ಹೆಚ್ಚಿದರು, ಮಾತ್ರೆ ತಪ್ಪಿಸುವವರು ಕಡಿಮೆಯಾದರು. ಆದರೆ ಒಂದು ವರ್ಷದಲ್ಲಿ ಮರುಲಕ್ವ, ಹೃದಯಾಘಾತ, ಸಾವು ತಗ್ಗಲಿಲ್ಲ: ಸಂದೇಶ ಪಡೆದವರಲ್ಲಿ ಶೇ 5.5, ಉಳಿದವರಲ್ಲಿ ಶೇ 4.9.

ಜನರ ಭಾಷೆಯಲ್ಲೇ ಮಾತಾಡಿದ್ದು ಈ ಪ್ರಯೋಗದ ಹೆಚ್ಚುಗಾರಿಕೆ. ಎಲ್ಲರಿಗೂ ಒಂದೇ ಬುದ್ಧಿವಾದ ಹೇಳಿದ್ದು ಅದರ ಮಿತಿ.

ಮಾತ್ರೆಯಲ್ಲಿದ್ದವರಿಗೇ ಮತ್ತೆ ಲಕ್ವ ಹೊಡೆದಾಗ ಕಾರಣ ಒಂದೇ ಆಗಿರುವುದಿಲ್ಲ. ಹೃದಯದ ಬಡಿತ ತಾಳತಪ್ಪಿದ, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದೂ ಲಕ್ವಕ್ಕೊಳಗಾದ 2,946 ಮಂದಿಯನ್ನು 2022ರ ಅಂತರರಾಷ್ಟ್ರೀಯ ಅಧ್ಯಯನವೊಂದು ಪರಿಶೀಲಿಸಿತು. ಶೇ 32ರಷ್ಟು ಮಂದಿಗೆ ಔಷಧ ಸಾಕಷ್ಟು ಸೇರಿರಲಿಲ್ಲ. ಶೇ 24ರಷ್ಟು ಮಂದಿಯಲ್ಲಿ ಕತ್ತಿನ ರಕ್ತನಾಳ ಕಟ್ಟಿಕೊಂಡಂಥ ಬೇರೆ ಕಾರಣವಿತ್ತು. ಉಳಿದವರಿಗೆ ಔಷಧ ಸರಿಯಾಗಿದ್ದೂ ಲಕ್ವ ಹೊಡೆದಿತ್ತು. ರಿವರಾಕ್ಸಬಾನ್‌ನಂಥ ಹೊಸ ಬಗೆಯ ಒಂದು ಮಾತ್ರೆ ಬಿಟ್ಟು ಇನ್ನೊಂದು ಹಿಡಿದರೂ, ಆಸ್ಪಿರಿನ್‌ನಂಥದ್ದನ್ನು ಜೊತೆಗೆ ಸೇರಿಸಿದರೂ ವ್ಯತ್ಯಾಸ ಕಾಣಲಿಲ್ಲ. ಆಸ್ಪಿರಿನ್ ಜೊತೆಗೂಡಿದರೆ ರಕ್ತಸ್ರಾವದ ಅಪಾಯವೂ ಏರುತ್ತದೆ. ಹಾಗಿರುವಾಗ ಕಾರಣ ಹುಡುಕದೆ ಚೀಟಿ ಬದಲಿಸುವುದು ಚಿಕಿತ್ಸೆಯಾಗದು.

ಹೊಸದೆಲ್ಲ ಮೇಲೂ ಅಲ್ಲ. ಕೀಲುವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟು, ಬಡಿತವೂ ತಪ್ಪಿದವರಲ್ಲಿ ರಿವರಾಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ ಬಗೆಯ ಮಾತ್ರೆಯೇ ಹೆಚ್ಚು ಜೀವ ಉಳಿಸಿತೆಂದು 2022ರ ‘ಇನ್‌ವಿಕ್ಟಸ್’ ಪ್ರಯೋಗ ತೋರಿಸಿತು. ನಮ್ಮಲ್ಲಿ ಬಳಕೆಯಲ್ಲಿರುವ ಅಸಿಟ್ರಾಂ ಆ ಬಗೆಯದೇ. ಅದನ್ನು ನುಂಗುವ ಇಂಥ ರೋಗಿಗಳ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟುವ ಸಮಯದ ಅಳತೆ, 2ರಿಂದ 3ರೊಳಗೆ ನಿಲ್ಲಬೇಕು. ಗುಬ್ಬಿ, ಕುಣಿಗಲ್ ಕಡೆಯ ಮುದ್ದೆ, ಸೊಪ್ಪಿನ ಸಾರಿನ ಊಟ ಬಿಡಬೇಕಿಲ್ಲ. ಒಂದು ವಾರ ಸೊಪ್ಪು ಅತಿಯಾಗಿ ತಿಂದು ಮರುವಾರ ಪೂರ್ತಿ ಬಿಟ್ಟರೆ ಆ ಅಂಕಿ ಏರುಪೇರಾಗುತ್ತದೆ. ಈ ಮಾತ್ರೆಯಲ್ಲಿದ್ದವರು ಮಂಡಿನೋವಿಗೆ ಡೈಕ್ಲೊಫೆನಾಕ್ ಸೂಜಿ ಹಾಕಿಸಿಕೊಂಡರೆ ರಕ್ತಸ್ರಾವದ ಭಯವಿದೆ.

ಸ್ಪ್ರಿಂಟ್ ಇಂಡಿಯಾದಂಥ ಕೈಪುಸ್ತಕ ಮುಂದೆ ಕನ್ನಡದಲ್ಲಿ ಅಚ್ಚಾಗುವುದಾದರೆ ಅದರಲ್ಲಿ ಉಪವಾಸದ ದಿನಕ್ಕೊಂದು ಪುಟ, ಸೊಪ್ಪಿನ ಸಾರಿಗೊಂದು ಪುಟ ಇರಲಿ. ಬಿಪಿ ಮತ್ತು ಐಎನ್‌ಆರ್ ಬರೆದಿಡಲು ತಿಂಗಳಿಗೊಂದು ಸಾಲು ಖಾಲಿ ಬಿಟ್ಟಿರಲಿ.